ಬಂಡಿ ಎಲ್ಲಿಗೆ ಬಂತು?

ನನ್ನನ್ನು ಬಾಯಿಬಡುಕಿ ಎಂದು ಇಡೀ ಊರು ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಒಂದೇ ಒಂದು ರಾತ್ರಿ ಬಾಯಿ ಮುಚ್ಚಿದ್ದೆ, ಅದರ ಸಂಕಟ ಇವರಿಗೇನು ಗೊತ್ತು?

ನನ್ನ ಗಂಡ ಮಾನೊಲ್ ನಲವತ್ತು ವರ್ಷ ರೊಡೋಪಿ ಬೆಟ್ಟದಲ್ಲಿ ಕುರಿ ಕಾದು ಬಯಲಲ್ಲೇ ಮಲಗಿದವನು. ಆ ಆಗಸ್ಟಿನಲ್ಲಿ ಎದೆರೋಗ ಹಿಡಿದು ಒಳಕೋಣೆಯ ಹಾಸಿಗೆಗೆ ಬಿದ್ದ. ರಾತ್ರಿಯ ಗಾಳಿ ಸೋಕಬಾರದೆಂದು ಡಾಕ್ಟರ ಕಟ್ಟಪ್ಪಣೆ. ಹಾಗಾಗಿ ನಾನು ಹೊಸ್ತಿಲಲ್ಲಿ ಕೂತು ಆಕಾಶ ನೋಡಿ ಹೇಳುವುದು, ಅವನು ಒಳಗಿನಿಂದ ಕೇಳುವುದು.

"ಬಂಡಿ ಎಲ್ಲಿಗೆ ಬಂತೇ, ಸೆವ್ದಾ?" ಉತ್ತರದ ಆ ಏಳು ನಕ್ಷತ್ರಗಳನ್ನು ನಾವು ಬಂಡಿ ಎನ್ನುತ್ತೇವೆ.

"ಪ್ಲಮ್ ಮರದ ಮೇಲಿದೆ. ಹೊಡೆಯೋನೂ ನಿನ್ನ ಹಾಗೇ ಸೋಮಾರಿ, ಒಂದಡಿ ಮುಂದೆ ಹೋಗಿಲ್ಲ."

ಅವನು ನಕ್ಕು, ಕೆಮ್ಮಿದ. "ನೀನು ನೋಡ್ತಿರೋ ಬೆಳಕು ನಮ್ಮಜ್ಜನ ಕಾಲದ್ದು ಕಣೇ. ಅಲ್ಲಿರೋದೆಲ್ಲ ಆಗಿಹೋದದ್ದು. ಈಗ ಅಂತ ನನಗಿರೋದು ನಿನ್ನ ದನಿ ಒಂದೇ."

"ಇಷ್ಟು ವರ್ಷ ಅದೇ ದನಿಗೆ ಕಿವಿ ಮುಚ್ಕೋತಿದ್ಯಲ್ಲ, ಮಾರಾಯ!"

ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ನಕ್ಷತ್ರ. ಅದು ಉದುರಿತೆಂದರೆ ಆ ಜೀವದ ಬೆನ್ನಿಗೆ ಸಾವು ಬಿತ್ತೆಂದೇ ಅರ್ಥ. ಕಂಡವರು ಬೆಳಗಾಗುವವರೆಗೆ ಕೂತಲ್ಲಿಂದ ಏಳದೆ, ತುಟಿಪಿಟಿಕ್ಕೆನ್ನದೆ ಇದ್ದರೆ ಸಾವಿಗೆ ದಾರಿ ತಪ್ಪುತ್ತದಂತೆ. ಇದು ನನ್ನ ಅತ್ತೆ ಹೇಳಿಕೊಟ್ಟದ್ದು.

ಮಾತೆ ಮರಿಯಳ ಹಬ್ಬದ ಹಿಂದಿನ ರಾತ್ರಿ ನಮ್ಮ ಮಾಡಿನ ನೇರಕ್ಕೇ ಒಂದು ನಕ್ಷತ್ರ ಜಾರಿತು. ತಲೆವಸ್ತ್ರ ಬಿಚ್ಚಿ ಬಾಯಿಗೆ ತುರುಕಿಕೊಂಡೆ.

"ಬಂಡಿ ಎಲ್ಲಿಗೆ ಬಂತೇ?"

ನಾನು ಉಸಿರೆತ್ತಲಿಲ್ಲ.

"ಸೆವ್ದಾ, ಇದೀಯೇನೇ?"

ಇದ್ದೆ. ಹತ್ತು ಹೆಜ್ಜೆ ದೂರದಲ್ಲೇ ಇದ್ದೆ.

"ಕೋಪವಾ? ಸೋಮಾರಿ ಅಂದೋಳು ನೀನು, ಕೋಪ ಬರಬೇಕಾದ್ದು ನನಗೆ." ಸ್ವಲ್ಪ ಹೊತ್ತು ಬಿಟ್ಟು, "ನಿದ್ದೆ ಬಂತೇನೋ. ಮಲಗು, ಮಲಗು. ದಣಿದಿದ್ದೀಯ," ಎಂದ. ಆಮೇಲೆ ಇನ್ನೊಂದು ಸಲ ನನ್ನ ಹೆಸರು ಕರೆದ, ತೀರ ಮೆಲ್ಲಗೆ. ಅಯ್ಯೋ, ನಾನು ಅವನನ್ನು ಉಳಿಸುತ್ತ ಕೂತಿದ್ದೆ!

ಬೆಳಕು ಹರಿದದ್ದೇ ತಡ, ಒಳಗೆ ಓಡಿದೆ. "ಬಂಡಿ ಗುಡ್ಡದ ಹಿಂದೆ ಇಳೀತು ಕಣೋ, ಆವಾಗ್ಲೇ ಹೇಳೋಕಾಗ್ಲಿಲ್ಲ..."

ಅವನ ಮುಖ ಬಾಗಿಲ ಕಡೆಗೆ ತಿರುಗಿತ್ತು. ಕೈ ಹಿಡಿದೆ, ತಣ್ಣಗಿತ್ತು.

ಈಗಲೂ ರಾತ್ರಿ ಹೊಸ್ತಿಲಲ್ಲಿ ಕೂತು ಬಂಡಿ ಎಲ್ಲಿದೆಯೆಂದು ಗಟ್ಟಿಯಾಗಿ ಹೇಳುತ್ತೇನೆ. ಪಕ್ಕದ ಮನೆಯ ರಾಡ್ಕಾ ಬೇಲಿಯಾಚೆಯಿಂದ ಕೂಗುತ್ತಾಳೆ: "ಸುಮ್ನಿರೇ, ಸೆವ್ದಾ! ನಕ್ಷತ್ರ ಉದುರ್ತಿದೆ!"

ಉದುರಲಿ. ನಾನು ಬಾಯಿ ಮುಚ್ಚುವುದಿಲ್ಲ.