ಬೆರಳು ನೋಡುವ ಅಂಗಡಿ

ನಮ್ಮ ಬೀದಿಯಲ್ಲಿ ಮದುವೆ ಗಟ್ಟಿಯಾಗುವುದು ನನ್ನ ಚಪ್ಪಲಿ ಅಂಗಡಿಯಲ್ಲಿ. ಮದುವೆಗೆ ಬೂಟಿನ ಅಳತೆ ಎಂಬುದು ನೆಪ. ಹುಡುಗನ ಕಾಲುಚೀಲ ಬಿಚ್ಚಿಸಿ ಬೆರಳು ನೋಡಬೇಕು, ಅಷ್ಟೆ. ದೊಡ್ಡ ಯುದ್ಧಕ್ಕೆ ಬೀದಿಯ ಗಂಡಸರೆಲ್ಲ ಹೋದಾಗ ಉಳಿದವನು ಬ್ರೆಡ್ಡಿನ ಭಟ್ಟಿಯವನು. ಕಾಲ್ಬೆರಳು ಕೂಡಿಕೊಂಡಿವೆ, ನಡೆಯಲಾರ ಎಂದು ಸೈನ್ಯ ಅವನನ್ನು ಬಿಟ್ಟಿತ್ತಂತೆ. ಮನೆಮನೆಗೆ ಬ್ರೆಡ್ಡು ಕೊಡಲು ಮಾತ್ರ ಚೆನ್ನಾಗಿಯೇ ನಡೆಯುತ್ತಿದ್ದ. ಹೋದವರಲ್ಲಿ ಮರಳಿದವರು ಕಡಿಮೆ, ಆದರೂ ತೊಟ್ಟಿಲುಗಳು ಖಾಲಿ ಉಳಿಯಲಿಲ್ಲ. ಈಗ ಆ ಮಕ್ಕಳ ಮಕ್ಕಳು ಒಬ್ಬರನ್ನೊಬ್ಬರು ಮೆಚ್ಚಿದರೆ ಮುದುಕಿಯರ ಎದೆ ಡವಡವ ಎನ್ನುತ್ತದೆ.

ನಮ್ಮ ಮನೆಗೆ ಆ ಭಯವಿರಲಿಲ್ಲ. ಅಪ್ಪ ಯುದ್ಧದಲ್ಲಿ ಸತ್ತ. ಅಮ್ಮ ಆ ವರ್ಷಗಳಲ್ಲಿ ದೂರದ ಗುಂಡಿನ ಕಾರ್ಖಾನೆಯಲ್ಲಿ ದುಡಿದು, ಯುದ್ಧ ಮುಗಿದ ಮೇಲೆ ಗಂಡುಕೂಸಾದ ನನ್ನನ್ನು ಎತ್ತಿಕೊಂಡು ಬಂದಳು. ನನ್ನ ಬೆರಳು ಬಿಡಿಬಿಡಿ. ಅದಕ್ಕೇ ಊರವರ ಕಾಲು ನೋಡುವ ಜಂಬ ನಮಗೆ.

ಮೊನ್ನೆ ನನ್ನ ಮಗಳು ಮೆಚ್ಚಿದ ಹುಡುಗನೇ ಬಂದ, ಅಜ್ಜಿಯ ಜೊತೆ. ಪರವೂರಿನವನು, ರೈಲು ಎಂಜಿನ್ ರಿಪೇರಿಯವನು. ಪರವೂರಾದರೇನು, ಭಟ್ಟಿಯವನ ಬಳ್ಳಿ ಎಲ್ಲೆಲ್ಲಿ ಹಬ್ಬಿದೆಯೋ ಯಾರಿಗೆ ಗೊತ್ತು, ಅದು ನಮ್ಮ ಮನೆಗೆ ಬೇಡ. ಕಾಲುಚೀಲ ಬಿಚ್ಚು ಎಂದರೆ ಅವನು ಕಾಲನ್ನು ಕುರ್ಚಿಯಡಿ ಎಳೆದುಕೊಂಡ.

"ನೋಡಿದ್ಯಾ," ಅಮ್ಮ ನನ್ನ ಕಿವಿಯಲ್ಲಿ ಅಂದಳು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ."

ಮಗಳ ಮುಖ ಬಾಡಿತು. ಕೊನೆಗೂ ಅವನು ಬಿಚ್ಚಿದ. ಕಾಲುಚೀಲ ತೂತಾಗಿತ್ತು, ನಾಚಿಕೆ ಅದಕ್ಕೆ. ಬೆರಳುಗಳೆಲ್ಲ ಬೇರೆಬೇರೆ. ನನಗೆ ಹೋದ ಜೀವ ಬಂದ ಹಾಗಾಯಿತು. ಮಕ್ಕಳಿಬ್ಬರೂ ನಗುತ್ತ ಹೊರಗೆ ಹೋದರು.

ಹುಡುಗನ ಅಜ್ಜಿ ಮಾತ್ರ ಏಳಲಿಲ್ಲ.

"ನಮ್ಮೂರಲ್ಲೂ ಹೀಗೇ ಕಣಮ್ಮ," ಎಂದಳು ಅಮ್ಮನಿಗೆ. "ಗುಂಡಿನ ಕಾರ್ಖಾನೆ ಇದ್ದ ಊರು. ಕೆಲಸಕ್ಕೆಲ್ಲ ಹೆಂಗಸರೇ, ಗಂಡಸು ಅಂತ ಇದ್ದದ್ದು ಮೇಸ್ತ್ರಿ ಒಬ್ಬನೇ. ಅವನ ಕಾಲಲ್ಲಿ ಗುರುತು ಗಿರುತು ಏನೂ ಇರ್ಲಿಲ್ಲ. ಅದಕ್ಕೇ ನಾವು ಮುಖ ನೋಡ್ತೀವಿ."

ಅವಳು ಬಂದಾಗಿನಿಂದ ನೋಡುತ್ತಿದ್ದುದು ನನ್ನ ಮಗಳನ್ನಲ್ಲ, ನನ್ನನ್ನು ಎಂದು ಆಗ ಹೊಳೆಯಿತು.

"ಈ ಹುಬ್ಬು, ಈ ಗಲ್ಲ," ಎಂದಳು ಮೆಲ್ಲಗೆ. "ನನ್ನ ಮಗನದೂ ಹೀಗೇ, ಈ ಹುಡುಗನ ಅಪ್ಪಂದು."

ಅಮ್ಮ ಎದ್ದು ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ. ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು.

"ಅಮ್ಮ, ಮುದುಕಿಗೆ ಅರಳು ಮರಳು ಅಲ್ವಾ?" ಎಂದೆ. ಹೌದು ಅನ್ನಲಿ ಎಂದು ನನ್ನ ಜೀವವೆಲ್ಲ ಕಾಯುತ್ತಿತ್ತು.

ನಲ್ಲಿ ಸುರಿಯುತ್ತಲೇ ಇತ್ತು. ಹೊರಗೆ ಮಗಳ ನಗು ಕೇಳುತ್ತಿತ್ತು.

"ಈ ಸಂಬಂಧ ಬೇಡ ಅಂತ ಹೇಳ್ಬಿಡು," ಎಂದಳು ಅಮ್ಮ.