ಅಚ್ಚಾಗದ ಸಾವು

“‘ಮಹಾಯೋಧ’ ಅನ್ನೋದನ್ನ ತೆಗೀರಿ,” ಎನ್ನುತ್ತ ಮುನೆವ್ವೆರ್ ಹಾಶಿಮನ ಕೈಯಿಂದ ಶ್ರದ್ಧಾಂಜಲಿ ಭಾಷಣದ ಕಾಗದ ಕಿತ್ತುಕೊಂಡಳು. ಮಸೀದಿಯ ಅಂಗಳದ ಕಲ್ಲುಕಟ್ಟೆಯ ಮೇಲೆ ಅವಳಪ್ಪ ಸಾವುತನ ಶವಪೆಟ್ಟಿಗೆ ಇತ್ತು. ಅದಕ್ಕೆ ಹೊದಿಸಿದ ನೀಲಿ ಬಾವುಟವನ್ನು ಇಸ್ತಾಂಬುಲಿನ ಗಾಳಿ ಎಬ್ಬಿಸಿ ಎಬ್ಬಿಸಿ ಬಿಡುತ್ತಿತ್ತು.

“ಸಂಘದ ಕಡೆಯಿಂದ ಇಷ್ಟೂ ಹೇಳಬಾರದೇನಮ್ಮಾ?” ಎಂದ ಹಾಶಿಮ್. ಚೀನಾದ ಉಯಿಘರ ಮುಸ್ಲಿಮರಿಗೆ ಸ್ವತಂತ್ರ ನಾಡು ಬೇಕೆನ್ನುವ ಸಂಘಕ್ಕೆ ಅವನು ಕಾರ್ಯದರ್ಶಿ.

“ಅಪ್ಪ ಬಂದೂಕು ಹಿಡಿದಿದ್ದನ್ನ ನೀವು ನೋಡಿದೀರಾ ಹಾಶಿಮಣ್ಣ? ಮನೇಲಿ ಇಲಿ ಕಂಡ್ರೆ ಮಂಚ ಹತ್ತಿ ಕೂತ್ಕೋತಿದ್ರು.”

ಅಳುವ ಹೊತ್ತಿನಲ್ಲೂ ಹಾಶಿಮನಿಗೆ ನಗು ಬಂತು. “ಸರಿ, ‘ಪತ್ರಿಕೆಯ ಸಂಪಾದಕರು’ ಅಂತೀನಿ. ಅದಕ್ಕಾದ್ರೂ ಸಾಕ್ಷಿ ಇದೆ ತಾನೆ?”

ಮುನೆವ್ವೆರಳ ಕಣ್ಣು ಆಗಲೇ ಗೇಟಿನ ಕಡೆ ಹೋಗಿತ್ತು. ರೊಟ್ಟಿಭಟ್ಟಿಯ ಬಾರಾತನಿಗೆ ಬೆಳಿಗ್ಗೆಯೇ ಹೇಳಿಕಳಿಸಿದ್ದಳು. ಅವನು ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅನ್ನಲೂ ಇಲ್ಲ. ಪ್ರಾರ್ಥನೆಯ ಹೊತ್ತಿಗೆ ಇಮಾಮರು ಎಲ್ಲರನ್ನೂ ಕೇಳುತ್ತಾರೆ, ಸತ್ತವರಿಂದ ನೊಂದಿದ್ದರೆ ಮನ್ನಿಸಿದಿರಾ ಎಂದು. ಊರೆಲ್ಲ ಮನ್ನಿಸಿದರೂ ನೊಂದವನೊಬ್ಬ ಮನ್ನಿಸದಿದ್ದರೆ ಅಪ್ಪ ಆ ಭಾರ ಹೊತ್ತುಕೊಂಡೇ ಹೋಗಬೇಕು. ಅವಳಿಗೆ ಅದೊಂದೇ ಕೊರಗು.

*

ಆರೇಳು ವರ್ಷದ ಹಿಂದಿನ ಮಾತು. ಪತ್ರಿಕೆಯ ಕಚೇರಿ ಎಂದರೆ ದರ್ಜಿ ಅಂಗಡಿಯ ಮೇಲಿನ ಒಂದು ಕೋಣೆ. ಬಾರಾತ್ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದಿದ್ದ. ಚೀನಾದಲ್ಲಿ ಬಿಟ್ಟುಬಂದ ಊರಿನ ಬಂಧನ ಶಿಬಿರದಲ್ಲಿ ಅವನ ತಮ್ಮ ತೀರಿಕೊಂಡನಂತೆ.

“ನೋಡಿದವರು ಯಾರು?” ಎಂದು ಸಾವುತ್ ಕೇಳಿದ.

“ಗಡಿ ದಾಟಿ ಬಂದ ಲಾರಿ ಡ್ರೈವರು.”

“ಅವನೇ ಕಣ್ಣಾರೆ ನೋಡಿದನಾ?”

“ಅವನಿಗೆ ಯಾರೋ ಹೇಳಿದ್ರಂತೆ.”

“ಹಾಗಾದ್ರೆ ‘ಹಿಡಿದುಕೊಂಡು ಹೋಗಿದ್ದಾರೆ, ಮುಂದಿನದು ತಿಳಿದಿಲ್ಲ’ ಅಂತ ಹಾಕ್ತೀನಿ. ನಮಗೆ ಗೊತ್ತಿರೋದು ಅಷ್ಟೇ.”

ಸಾವುತನ ರೀತಿಯೇ ಅದು. ಚೀನಾ ಸರಕಾರ ಸಂಘದವರನ್ನು ಭಯೋತ್ಪಾದಕರು ಎಂದರೆ ‘ಸರಕಾರ ಹಾಗೆನ್ನುತ್ತದೆ’ ಎಂದು ಬರೆಯುತ್ತಿದ್ದ. ಸಂಘದವರು ತಮ್ಮನ್ನು ವೀರರು ಎಂದುಕೊಂಡರೆ ‘ಸಂಘ ಹಾಗೆನ್ನುತ್ತದೆ’ ಎಂದು ಬರೆಯುತ್ತಿದ್ದ. ಎರಡೂ ಕಡೆಯಿಂದ ಹೊಟ್ಟೆ ತುಂಬ ಬೈಗುಳ ತಿಂದ.

“ನಮ್ಮವನಾಗಿದ್ದು ನಮ್ಮ ಸಾವನ್ನೇ ನಂಬಲ್ವಲ್ಲ ನೀನು,” ಎಂದ ಬಾರಾತ್. “ನನ್ನಿಂದ ನಿನಗೆ ಕ್ಷಮೆ ಇಲ್ಲ. ನಾಳೆ ದೇವರ ಮುಂದೆ ನಿಂತಾಗಲೂ ಇಲ್ಲ.”

ಚಹಾ ತಂದಿದ್ದ ಮುನೆವ್ವೆರ್ ಬಾಗಿಲಲ್ಲೇ ನಿಂತು ಅದನ್ನು ಕೇಳಿಸಿಕೊಂಡಳು. ಆ ಸಂಜೆ ಅಪ್ಪ ಊಟ ಮುಟ್ಟಲಿಲ್ಲ. “ನಾನೇ ತಪ್ಪಿದ್ರೆ ಹೋಗಿ ಬಾರಾತನ ಕಾಲು ಹಿಡೀತೀನಿ ಮಗಳೇ. ಬದುಕಿರೋನನ್ನ ಹೂಳಿಬಿಟ್ರೆ ಯಾರ ಕಾಲು ಹಿಡೀಲಿ?” ಎಂದು ಮತ್ತೆ ಮತ್ತೆ ಕೇಳಿದ.

*

“ಇವರು ಎಂಥವರಾಗಿದ್ದರು?” ಇಮಾಮರು ಕೇಳಿದರು.

“ಒಳ್ಳೆಯವರು,” ಎಂದಿತು ಸಾಲು.

“ಇವರಿಂದ ನೊಂದಿದ್ದರೆ ಮನ್ನಿಸಿದಿರಾ?”

“ಮನ್ನಿಸಿದೆವು.”

“ಸ್ವಲ್ಪ ತಾಳಿ ಇಮಾಮರೇ,” ಎಂದು ಹಿಂದಿನಿಂದ ಒಂದು ದನಿ ಬಂತು. ತಡವಾಗಿ ಬಂದ ಬಾರಾತ್.

“ಒಳ್ಳೆಯವರೋ ಅಲ್ವೋ ನಾನು ಹೇಳಲಾರೆ. ಮಹಾ ಹಟಮಾರಿ ಮನುಷ್ಯ. ನನಗೆ ಗೊತ್ತಿರೋದಷ್ಟು ಹೇಳ್ತೀನಿ. ಹೋದ ವಾರ ನನ್ನ ತಮ್ಮ ಫೋನ್ ಮಾಡಿದ್ದ.”

ಮುಂದಿನ ಸಾಲಿನವರೂ ತಿರುಗಿ ನೋಡಿದರು.

“ಎರಡು ಮಾತಾಡಿದ, ಆಮೇಲೆ ಕಟ್ಟಾಯ್ತು. ಅಮ್ಮನೂ ಕೇಳಿಸ್ಕೊಂಡ್ಲು, ಅವನದೇ ದನಿ. ಸಾಕ್ಷಿ ಬೇಕಲ್ಲ ಇವರಿಗೆ, ಇಬ್ಬರಿದೀವಿ.” ಅವನು ಪೆಟ್ಟಿಗೆಯ ಕಡೆ ತಿರುಗಿದ. “ನಾವೆಲ್ಲ ಸೇರಿ ಅವನನ್ನ ಸಾಯಿಸಿಬಿಟ್ಟಿದ್ವಿ. ಸಾಯಿಸದೇ ಇದ್ದವರು ಇವರೊಬ್ಬರೇ. ಬಂದು ಹೇಳೋಕೆ ಮುಖ ಇಲ್ದೆ ನಾಳೆ ಹೋಗೋಣ, ನಾಳೆ ಹೋಗೋಣ ಅಂದ್ಕೊಂಡೆ. ನಾನೇನು ಮನ್ನಿಸೋದು? ಇವರೇ ಮನ್ನಿಸ್ಬೇಕು.”

ಹೆಂಗಸರ ನಡುವೆ ಮುನೆವ್ವೆರ್ ಕೆಳಗೆ ಕೂತೇಬಿಟ್ಟಳು. ಇಷ್ಟು ವರ್ಷ ಎದೆ ಮೇಲಿದ್ದ ಕಲ್ಲು ಇಳಿದಂತಾಯಿತು. ಅಪ್ಪನಿಗೆ ಇದು ತಿಳಿಯಲಿಲ್ಲವಲ್ಲ ಎಂದು ಸಂಕಟವೂ ಆಯಿತು. ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಅಳುತ್ತಲೇ ನಕ್ಕಳು.

ಪ್ರಾರ್ಥನೆ ಮುಗಿದು ಪೆಟ್ಟಿಗೆ ಎತ್ತುವಾಗ ಬಾರಾತ್ ಮುಂದೆ ನುಗ್ಗಿ ಹೆಗಲು ಕೊಟ್ಟ. ಕುಳ್ಳ ಆಸಾಮಿ, ಪೆಟ್ಟಿಗೆ ಅವನ ಕಡೆಗೆ ವಾಲಿತು. ಪಕ್ಕದಲ್ಲಿ ಹೊತ್ತಿದ್ದ ಹಾಶಿಮ್ ಅವನನ್ನೊಮ್ಮೆ ನೋಡಿದ. ಆಮೇಲೆ ಮಂಡಿ ಬಗ್ಗಿಸಿ, ಬಾರಾತನ ಎತ್ತರಕ್ಕೇ ಇಳಿದು, ಗೇಟಿನವರೆಗೂ ಹಾಗೇ ನಡೆದ.