ಬಾಗಿಲಲ್ಲೇ ಸಿಕ್ಕಿಬಿದ್ದ ಟ್ರಿಮ್

"ನೀನು ನಾಟಕ ಮಾಡಿದ ದಿನ ನಾನು ಮೊದಲನೇ ಸಾಲಲ್ಲೇ ಕೂತಿರ್ತೀನಿ" ಎಂದು ಅಮ್ಮ ಮಾತು ಕೊಟ್ಟಾಗ ಮಗಳ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಆ ನಾಟಕ ಇವತ್ತು ಸಂಜೆ ಐದಕ್ಕೆ. ಮಗಳದು ಕರಡಿ ಪಾತ್ರ. ಆದರೆ ಕೋಳಿ ಫಾರಂಗಳ ಲೆಕ್ಕ ಇಡುವ ಕಚೇರಿಯಲ್ಲಿ, ಅಮ್ಮನ ಕಂಪ್ಯೂಟರಿನಲ್ಲಿ ಕೋಳಿಯ ಸರಾಸರಿ ತೂಕ ಏಳು ಕಿಲೋ ಎಂದೇ ಕೂತಿತ್ತು.

ಕಾರಣ ಆಕೆಗೆ ಗೊತ್ತಿತ್ತು. ಹಾರಾಡುವ ಕೆಲವು ಕೋಳಿಗಳನ್ನು ಫಾರಂನವನು ಬಗಲಲ್ಲಿ ಅವುಚಿಕೊಂಡು ತಾನೂ ತೂಕದ ಯಂತ್ರ ಹತ್ತಿದ್ದ. ಅಂಥ ವಿಪರೀತದ ಅಂಕಿಗಳನ್ನು ಕತ್ತರಿಸಿ ಸರಾಸರಿ ತೆಗೆಯಲು ಕಂಪ್ಯೂಟರಿನ ಸರಾಸರಿ ಸೂತ್ರಕ್ಕೆ 'ಟ್ರಿಮ್' ಎಂದು ಹೇಳಿದರೆ ಸಾಕು. ಹೇಳಿದ್ದಳು. ಅಂಕಿ ಮಿಸುಕಲಿಲ್ಲ.

ಹುಡುಕಿ ಹುಡುಕಿ ಕೊನೆಗೆ ಕಳ್ಳ ಸಿಕ್ಕಿದ. ಪ್ರತಿ ಕೋಳಿ ಶೆಡ್ಡಿನ ಲೆಕ್ಕವೂ ಸಾಹೇಬರು ಬರೆದ ಫಂಕ್ಷನ್ನಿನ, ಅಂದರೆ ಕಂಪ್ಯೂಟರಿಗೆ ಕೊಡುವ ಆದೇಶಗಳ ಕಟ್ಟಿನ, ಮೂಲಕವೇ ಹೋಗಬೇಕೆಂಬುದು ಕಚೇರಿಯ ಕಟ್ಟುನಿಟ್ಟು. ಅದಕ್ಕೂ 'ಟ್ರಿಮ್' ಎಂಬ ಆರ್ಗ್ಯುಮೆಂಟ್, ಅಂದರೆ ಹೊರಗಿನಿಂದ ಕೊಡುವ ಸೂಚನೆ, ಇತ್ತು, ಶೆಡ್ಡುಗಳ ಹೆಸರು ಮೊಟಕು ಮಾಡಲು. ಒಳಗಿನ ಸರಾಸರಿ ಸೂತ್ರಕ್ಕೆಂದು ಅಮ್ಮ ಕಳಿಸಿದ 'ಟ್ರಿಮ್' ಅನ್ನು ಅದು ತನ್ನದೇ ಎಂದು ಇಟ್ಟುಕೊಂಡಿತ್ತು.

"ಸರ್, ಸೊಸೆಗೆ ಕಳಿಸಿದ ಬುತ್ತೀನ ಅತ್ತೆ ಬಾಗಿಲಲ್ಲೇ ತಿಂದು ಕೈ ತೊಳ್ಕೊಂಡ ಹಾಗಾಗಿದೆ. ನಿಮ್ಮ ಟ್ರಿಮ್ ಹೆಸರು ಬದಲಾಯಿಸ್ಬೇಕು."

"ನಾನ್ಯಾಕಮ್ಮಾ ಬದಲಾಯಿಸ್ಲಿ? ನಿನ್ನ ಸರಾಸರಿಗೇ ಬೇರೆ ಹೆಸರಿಡು."

"ಅದು ನಾನು ಬರೆದಿದ್ದಲ್ಲ ಸರ್, ಕಂಪ್ಯೂಟರ್ ಭಾಷೆ ಜೊತೆಗೇ ಬಂದಿದ್ದು."

"ಹಾಗಾದ್ರೆ ಅವರು ಇಡೋ ಮುಂಚೆ ನನ್ನ ಕೇಳ್ಬೇಕಿತ್ತು."

"'ಕಟ್' ಅಂತಿಡಿ ಸರ್" ಎಂದ ಪಕ್ಕದ ಮೇಜಿನವನು, ನಗು ಅದುಮಿಕೊಂಡು.

"ಅದನ್ನೂ ಆ ಭಾಷೆಯವರು ಇಟ್ಕೊಂಡಾಗಿದೆ ಕಣಯ್ಯಾ!" ಎಂದು ಸಾಹೇಬರು ಸಿಡುಕಿದರು.

ಗಡಿಯಾರ ನಾಲ್ಕು ದಾಟಿತ್ತು. ಅಮ್ಮ ಬೆಣ್ಣೆ ಹಚ್ಚಲು ನಿಂತಳು. "ಟ್ರಿಮ್ ಮುಂದೆ ನಿಮ್ಮ ಹೆಸರನ್ನೇ ಸೇರಿಸಿಬಿಡೋಣ ಸರ್. ಆ ಹೆಸರನ್ನ ಇನ್ಯಾರು ತಾನೇ ಇಡೋ ಧೈರ್ಯ ಮಾಡ್ತಾರೆ?"

ಸಾಹೇಬರ ಮುಖ ಊರಗಲವಾಯಿತು. ಹೆಸರು ಬದಲಾದ ಕೂಡಲೇ ಕೋಳಿ ಎರಡು ಕಿಲೋಗೆ ಇಳಿಯಿತು. ಅಮ್ಮ ಚೀಲ ಹೆಗಲಿಗೇರಿಸಿದಳು.

"ಎಲ್ಲಿಗೆ ಹೊರಟೆ? ಒಂದಕ್ಕೆ ಮಾತ್ರ ನನ್ನ ಹೆಸರಿದ್ರೆ ಉಳಿದ ಆರ್ಗ್ಯುಮೆಂಟ್‌ಗಳೆಲ್ಲ ತಬ್ಬಲಿ ಆಗಲ್ವಾ? ಎಲ್ಲಕ್ಕೂ ಸೇರಿಸು. ಈಗ್ಲೇ."

"ಸರ್, ಮಗಳ ನಾಟಕ..."

"ಅಯ್ಯೋ, ಚಿಟಿಕೆ ಹೊಡೆಯೋದ್ರಲ್ಲಿ ಆಗೋ ಕೆಲಸ!"

ಚಿಟಿಕೆಯೇನೋ ಅವರದು, ಕೆಲಸ ಇವಳದು. ಆ ಫಂಕ್ಷನ್ನನ್ನು ಬಳಸಿದ ಕಡೆಯಲ್ಲೆಲ್ಲ ಹೆಸರು ತಿದ್ದಬೇಕಿತ್ತು, ಮತ್ತು ಕಚೇರಿಯ ಲೆಕ್ಕಗಳಲ್ಲಿ ಅದನ್ನು ಬಳಸದ ಜಾಗವೇ ಇರಲಿಲ್ಲ.

ಏದುಸಿರು ಬಿಡುತ್ತ ಆಕೆ ಶಾಲೆ ಸೇರಿದಾಗ ಪರದೆ ಮಡಚುತ್ತಿದ್ದರು. ಮೆಟ್ಟಿಲ ಮೇಲೆ ಕರಡಿ ತಲೆ ಕಳಚಿಟ್ಟು ಬಿಸ್ಕತ್ತು ತಿನ್ನುತ್ತಿತ್ತು.

"ಮುಗೀತಾ ಪುಟ್ಟಿ?"

"ಮುಗೀತು."

ಅಮ್ಮ ಮಾತಿಗೆ ತಪ್ಪಿದ್ದಳು.